ಗ್ಲಿಂಡಾಳನ್ನು ಗುಳ್ಳೆಯಿಂದ ಇಳಿಸಿದ್ದು: ಇಬ್ಬರು ಒಳ್ಳೆ ಮಾಟಗಾತಿಯರನ್ನು ರಂಗಕ್ಕೆ ತಂದ ನನ್ನ ಅನುಭವ

ಕಾನ್ಸಾಸ್‌ನ ಹುಡುಗಿ ಡೊರೊತಿ ಸುಂಟರಗಾಳಿಗೆ ಸಿಕ್ಕಿ ಓಜ್ ಅನ್ನುವ ಮಾಯಾನಾಡಿಗೆ ಬಂದು, ಮನೆಗೆ ಮರಳಲು ದಾರಿ ಹುಡುಕುವ ಕಥೆಯನ್ನು ಮಕ್ಕಳ ನಾಟಕಕ್ಕೆ ಎತ್ತಿಕೊಂಡರೆ ಸಾಕು, ಎಲ್ಲರೂ ಮೊದಲು ಕೇಳುವುದು ‘ಗುಳ್ಳೆ ಹೇಗೆ ಮಾಡ್ತೀರಿ?’ ಮಾಡಲೇಬೇಡಿ ಅನ್ನುವುದು ನನ್ನ ಉತ್ತರ. ಗುಳ್ಳೆಯೊಳಗಿಂದ ಇಳಿದು ಬರುವ ಗುಲಾಬಿ ಬಣ್ಣದ ಒಳ್ಳೆ ಮಾಟಗಾತಿ ಗ್ಲಿಂಡಾ 1939ರ ‘ದಿ ವಿಝರ್ಡ್ ಆಫ್ ಓಜ್’ ಸಿನಿಮಾದವಳು. 1900ರಲ್ಲಿ ಬಂದ ಎಲ್. ಫ್ರಾಂಕ್ ಬಾಮ್ ಅವರ ಮೂಲ ಪುಸ್ತಕದಲ್ಲಿ ಗುಳ್ಳೆಯೂ ಇಲ್ಲ, ಗುಲಾಬಿಯೂ ಇಲ್ಲ. ಅಲ್ಲಿ ಒಳ್ಳೆ ಮಾಟಗಾತಿಯರು ಇಬ್ಬರು. ಎರಡನೇ ಅಧ್ಯಾಯದಲ್ಲಿ ಬರುವವಳು ಉತ್ತರದವಳು, ಸುಕ್ಕು ಮುಖದ ಪುಟ್ಟ ಮುದುಕಿ. ದಕ್ಷಿಣದ ಗ್ಲಿಂಡಾ ಕಾಣಿಸಿಕೊಳ್ಳುವುದು ಕಥೆ ಮುಗಿಯುವ ಹೊತ್ತಿಗೆ, ಇಪ್ಪತ್ತಮೂರನೇ ಅಧ್ಯಾಯದಲ್ಲಿ. ಸಿನಿಮಾದವರು ಇಬ್ಬರನ್ನೂ ಕಲಸಿ ಒಬ್ಬಳನ್ನು ಮಾಡಿದರು.

ಹಾಗೆ ಕಲಸಿದ್ದರಿಂದ ಆಗುವ ತೊಂದರೆ ತಾಲೀಮಿನಲ್ಲೇ ಗೊತ್ತಾಗುತ್ತದೆ. ಮೊದಲ ದೃಶ್ಯದಲ್ಲಿ ಡೊರೊತಿಗೆ ಮಂತ್ರದ ಪಾದರಕ್ಷೆ ಕೊಟ್ಟವಳೇ ಕೊನೇ ದೃಶ್ಯದಲ್ಲಿ ಬಂದು ‘ಇದನ್ನು ಮೂರು ಸಲ ಬಡಿದಿದ್ದರೆ ಅವತ್ತೇ ಮನೆಗೆ ಹೋಗಬಹುದಿತ್ತು’ ಅಂದರೆ ಮುಂದಿನ ಸಾಲಿನ ಮಕ್ಕಳು ಬಿಡುವುದಿಲ್ಲ, ‘ಆಗಲೇ ಯಾಕೆ ಹೇಳಲಿಲ್ಲ?’ ಅಂತ ಕೂಗಿಯೇ ಕೇಳುತ್ತಾರೆ. ಡೊರೊತಿ ತಾನೇ ಕಂಡುಕೊಳ್ಳಬೇಕಿತ್ತು ಅಂತ ಸಿನಿಮಾ ಒಂದು ಸಮಜಾಯಿಷಿ ಕೊಡುತ್ತದೆ, ಮಕ್ಕಳು ಒಪ್ಪುವುದಿಲ್ಲ. ಪುಸ್ತಕದ ಮುದುಕಿಗೆ ಆ ಪಾದರಕ್ಷೆಯಲ್ಲಿ ಏನೋ ಮಂತ್ರ ಇದೆ ಅನ್ನುವಷ್ಟೇ ಗೊತ್ತು, ಏನು ಅಂತ ಗೊತ್ತಿಲ್ಲ. ಗೊತ್ತಿರುವವಳು ಗ್ಲಿಂಡಾ. ಇಬ್ಬರನ್ನೂ ಉಳಿಸಿಕೊಂಡರೆ ಪ್ರಶ್ನೆಯೇ ಏಳುವುದಿಲ್ಲ. ‘ಇಬ್ಬರಾದರೆ ಮಕ್ಕಳಿಗೆ ಗೊಂದಲ, ವೇಷದ ಖರ್ಚೂ ಎರಡು ಪಟ್ಟು’ ಅಂತ ನಮ್ಮ ಕಡೆಯವರೇ ಹೇಳಿದ್ದರು. ಐದು ಪ್ರದರ್ಶನ ಆಯಿತು, ಒಂದು ಮಗುವೂ ಗೊಂದಲಪಟ್ಟಿಲ್ಲ. ಖರ್ಚಿನ ಲೆಕ್ಕ ಮುಂದೆ ಬರುತ್ತದೆ.

ಗುಳ್ಳೆಗೆ ಸುರಿದ ದುಡ್ಡಿನ ಕಥೆ ಮೊದಲು. ಒಂದನೇ ಪ್ರಯತ್ನ ಸಾಬೂನು ಗುಳ್ಳೆಯ ಮಷಿನ್, ಬಾಡಿಗೆ ದಿನಕ್ಕೆ ಸಾವಿರದ ಇನ್ನೂರೋ ಏನೋ. ಗುಳ್ಳೆ ಚೆನ್ನಾಗಿಯೇ ಬಂತು. ಆದರೆ ಆ ದ್ರಾವಣದಲ್ಲಿ ಗ್ಲಿಸರಿನ್ ಇರುತ್ತದೆ. ಒಡೆದ ಗುಳ್ಳೆಯೆಲ್ಲ ಹಲಗೆಯ ಮೇಲೆ ಪೊರೆಯಾಗಿ ಕೂತು, ಮುಂದಿನ ಕುಣಿತಕ್ಕೆ ಬಂದ ಮಂಚ್ಕಿನ್‌ಗಳು (ಓಜ್‌ನ ಕುಳ್ಳ ಜನರ ವೇಷದ ಮಕ್ಕಳು) ಸಾಲಾಗಿ ಜಾರಿದರು. ಒಣ ಬಟ್ಟೆಯಲ್ಲಿ ಒರೆಸಿದರೆ ಇನ್ನಷ್ಟು ಹರಡುತ್ತದೆ, ಬಿಸಿನೀರಿನ ಬಟ್ಟೆಯೇ ಬೇಕು. ನಾಟಕದ ನಡುವೆ ನೆಲ ಒರೆಸುವವರು ಯಾರು? ಎರಡನೆಯದು ಹುಲಾ ಹೂಪ್ ಬಳೆಗಳನ್ನು ಅಡ್ಡ-ಉದ್ದ ಕಟ್ಟಿ ಮೇಲೆ ನೆಟ್ ಬಟ್ಟೆ ಹೊದಿಸಿದ ಗೋಳ. ದೂರಕ್ಕೆ ಸೊಳ್ಳೆಪರದೆಯ ಹಾಗೆ ಕಂಡಿತು. ಮೂರನೆಯದು ಅಕ್ರಿಲಿಕ್ ಅರೆಗೋಳ. ಸುಮಾರು ಒಂಬತ್ತು ಸಾವಿರ ಹೋಯಿತು. ಎದುರಿನ ದೀಪಗಳೆಲ್ಲ ಅದರಲ್ಲಿ ಪ್ರತಿಫಲಿಸಿ ಒಳಗಿನ ಹುಡುಗಿ ಕಾಣಲೇ ಇಲ್ಲ. ಈಗ ಅದರಲ್ಲಿ ಬಣ್ಣದ ಡಬ್ಬಿ ಇಡುತ್ತೇವೆ.

ಆಮೇಲೆ ಪುಸ್ತಕದ ದಾರಿ ಹಿಡಿದೆವು. ಮೊದಲು ಎದುರಾದದ್ದು ಪದದ ತಕರಾರು. ಕನ್ನಡದಲ್ಲಿ ಮಾಟ ಅಂದರೆ ಮಾಡಿಸುವುದು, ನಿಂಬೆಹಣ್ಣು, ಕುಂಕುಮ. ‘ಒಳ್ಳೆ ಮಾಟಗಾತಿ’ ಅನ್ನುವುದು ‘ಒಳ್ಳೆ ಕಳ್ಳ’ ಅಂದ ಹಾಗೆ ಕೇಳಿಸುತ್ತದೆ. ಹಾಗಾಗಿ ಒಳ್ಳೆಯವರಿಗೆ ಕಿನ್ನರಿ, ಕೆಟ್ಟವರಿಗೆ ಮಾಟಗಾತಿ ಅಂತ ಹಂಚಿ ನೋಡಿದೆವು. ಮಾತೇ ಸತ್ತುಹೋಯಿತು. ಯಾಕೆಂದರೆ ಆ ದೃಶ್ಯದ ಜೀವ ಇರುವುದು ಡೊರೊತಿಯ ‘ಮಾಟಗಾತಿಯರೆಲ್ಲ ಕೆಟ್ಟವರು ಅಂದುಕೊಂಡಿದ್ದೆ’ ಅನ್ನುವ ಮಾತಿನಲ್ಲಿ. ಎರಡು ಪದ ಬಳಸಿದರೆ ಆ ಮಾತಿಗೆ ಅರ್ಥವೇ ಇಲ್ಲ. ಯಕ್ಷಿಣಿ ಅಂದರೆ ಜಾದೂ ಪ್ರದರ್ಶನದವರು ನೆನಪಾಗುತ್ತಾರೆ. ಕೊನೆಗೆ ಇಬ್ಬರು ಒಳ್ಳೆಯವರು, ಇಬ್ಬರು ಕೆಟ್ಟವರು, ನಾಲ್ವರಿಗೂ ಮಾಟಗಾತಿ ಅಂತಲೇ ಇಟ್ಟೆವು. ಕಿವಿಗೆ ಎಡವುತ್ತದೆ, ಎಡವಲಿ. ಇನ್ನೊಂದು: ಡೊರೊತಿಯನ್ನು ಸಾಕಿದ ಎಮ್ ಆಂಟಿಯನ್ನು ಚಿಕ್ಕಮ್ಮ ಮಾಡಬೇಡಿ, ಮಲತಾಯಿಯ ನೆರಳು ಬೀಳುತ್ತದೆ. ದೊಡ್ಡಮ್ಮ ಮಾಡಿ, ಅವಳ ಗಂಡ ಹೆನ್ರಿ ತಾನಾಗಿ ದೊಡ್ಡಪ್ಪ ಆಗುತ್ತಾನೆ. ಉತ್ತರದವಳನ್ನು ಡೊರೊತಿ ‘ಅಜ್ಜಿ’ ಅಂದು ಏಕವಚನದಲ್ಲೇ ಕರೆಯಲಿ, ಗ್ಲಿಂಡಾಳಿಗೆ ಮಾತ್ರ ‘ನೀವು’. ಇಬ್ಬರ ವ್ಯತ್ಯಾಸದ ಅರ್ಧ ಕೆಲಸ ಅಲ್ಲೇ ಆಗಿಹೋಗುತ್ತದೆ.

ಅಜ್ಜಿಯ ವೇಷಕ್ಕೆ ಬಾಮ್ ಲೆಕ್ಕ ಕೊಟ್ಟಿದ್ದಾರೆ: ಚೂಪು ಬಿಳಿ ಟೊಪ್ಪಿ, ಭುಜದಿಂದ ನೆರಿಗೆ ಇಳಿದ ಬಿಳಿ ನಿಲುವಂಗಿ, ಅದರ ತುಂಬ ಮಿನುಗುವ ಪುಟ್ಟ ನಕ್ಷತ್ರ. ಬಿಳಿ ಅಲ್ಲಿ ಮಾಟಗಾತಿಯರ ಬಣ್ಣ, ನೀಲಿ ಮಂಚ್ಕಿನ್‌ಗಳದ್ದು. ಬಿಳಿ ಸ್ಯಾಟಿನ್ ತರಬೇಡಿ. ಸಾವಿರ ವಾಟ್ ಹ್ಯಾಲೊಜನ್ ಬಿದ್ದ ಕೂಡಲೇ ಬಟ್ಟೆ ಕಣ್ಣು ಕುಕ್ಕುತ್ತದೆ, ಅದರ ಮೇಲಿನ ಮುಖ ಕಪ್ಪಗಾಗುತ್ತದೆ. ಕೋರಾ ಕಾಟನ್ ತಂದು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ. ಆರು ಮೀಟರಿಗೆ ಎಂಟು ಲೀಟರ್ ನೀರು, ಸುಮಾರು 50 ಗ್ರಾಂ ಚಹಾಪುಡಿ, ಒಂದು ಹಿಡಿ ಉಪ್ಪು, ಹತ್ತು ನಿಮಿಷ. ಪುಡಿ ಸೋಸಿದ ಮೇಲೇ ಬಟ್ಟೆ ಹಾಕಬೇಕು, ಇಲ್ಲವಾದರೆ ಚುಕ್ಕೆ ಬೀಳುತ್ತದೆ. ಅದಕ್ಕೂ ಮುಂಚೆ ಗಂಜಿ ಪೂರ್ತಿ ತೊಳೆದು, ಬಟ್ಟೆ ಒದ್ದೆ ಇರುವಾಗಲೇ ಅದ್ದಬೇಕು. ನಾವು ಗಂಜಿ ತೊಳೆಯದೆ ಅದ್ದಿ, ಮಡಿಕೆ ಮಡಿಕೆಗೂ ಕಂದು ಗೆರೆ ಬಂದು, ಆರು ಮೀಟರ್ ಹಾಳಾಯಿತು. ಸರಿಯಾಗಿ ಅದ್ದಿದ್ದು ಕೈಯಲ್ಲಿ ಹಿಡಿದರೆ ಮಾಸಲು ಅನ್ನಿಸುತ್ತದೆ, ದೀಪದಡಿ ಹಾಲಿನಂಥ ಬಿಳಿ. ನಕ್ಷತ್ರಕ್ಕೆ ಚಮ್ಕಿ ಹೊಲಿಯಿರಿ, ಅಂಟಿಸಿದ್ದು ಎರಡನೇ ಪ್ರದರ್ಶನಕ್ಕೆ ಉಳಿಯುವುದಿಲ್ಲ.

ಈ ಅಜ್ಜಿ ಎಡ ಹಿಮ್ಮಡಿಯ ಮೇಲೆ ಮೂರು ಸುತ್ತು ತಿರುಗಿ ಮಾಯವಾಗುತ್ತಾಳೆ. ದೀಪ ಆರಿಸಿದರೆ ಆಯಿತಲ್ಲ ಅನ್ನುತ್ತೀರಿ, ಶಾಲೆಯ ಅಂಗಳದಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಯಾವ ದೀಪ ಆರಿಸುತ್ತೀರಿ? ಅವಳು ಮಂಚ್ಕಿನ್‌ಗಳಷ್ಟೇ ಎತ್ತರ ಅಂತ ಪುಸ್ತಕದಲ್ಲಿದೆ. ಆ ಒಂದು ಸಾಲು ನಮ್ಮನ್ನು ಕಾಪಾಡಿತು. ನಿಲುವಂಗಿ ಹೊರಗೆ ಬಿಳಿ, ಒಳಗೆ ನೀಲಿ. ಸುತ್ತಲೂ ಹನ್ನೆರಡು ಮಂಚ್ಕಿನ್‌ಗಳು ಎದುರು ದಿಕ್ಕಿಗೆ ತಿರುಗುತ್ತಾರೆ. ಮೂರನೇ ಸುತ್ತಿಗೆ ಬಿಳಿ ಇಲ್ಲ, ಹದಿಮೂರು ನೀಲಿ ಇದೆ, ಎಣಿಸುವವರು ಯಾರೂ ಇಲ್ಲ. ಮೊದಲು ವೆಲ್ಕ್ರೋ ಹಾಕಿದ್ದೆವು, ‘ಕ್ರ್‌ರ್’ ಅನ್ನುವ ಸದ್ದು ಹಿಂದಿನ ಸಾಲಿಗೂ ಕೇಳಿಸಿತು, ಸಾಲದ್ದಕ್ಕೆ ಪಕ್ಕದವರ ಉಲನ್ ಕೂದಲನ್ನೂ ಹಿಡಿದುಕೊಂಡಿತು. ಟಿಚ್ ಬಟನ್‌ಗೆ ಬದಲಾಯಿಸಿದೆವು: ಭುಜಕ್ಕೆ ಎರಡೆರಡು, ಬೆನ್ನಿಗೆ ಮೂರು. ಬಟನ್ನು ಹೆಚ್ಚಾದರೆ ಒಂದೇ ಎಳೆತಕ್ಕೆ ಬರುವುದಿಲ್ಲ. ಎಲ್ಲಿ ಹಿಡಿದು ಎಳೆಯಬೇಕು, ಟೊಪ್ಪಿ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಬರೆಯುವುದಿಲ್ಲ. ಅದು ನಮ್ಮ ತಂಡದ ಆಸ್ತಿ.

ಮಾಯವಾಗುವ ಮುಂಚೆ ಟೊಪ್ಪಿ ಸ್ಲೇಟಾಗುವುದೊಂದಿದೆ. ಮೂಗಿನ ತುದಿಯ ಮೇಲೆ ಟೊಪ್ಪಿ ನಿಲ್ಲಿಸಿ ಒಂದು, ಎರಡು, ಮೂರು ಎಣಿಸಿದರೆ ಅದು ಸ್ಲೇಟು, ಅದರ ಮೇಲೆ ಬಳಪದಲ್ಲಿ ಬರೆದ ಅಪ್ಪಣೆ: ಡೊರೊತಿ ಓಜ್ ಮಾಂತ್ರಿಕನ ಊರಾದ ಎಮರಾಲ್ಡ್ ಸಿಟಿಗೆ ಹೋಗಬೇಕು. ನಮ್ಮ ಟೊಪ್ಪಿ ಎರಡು ಫೋಮ್ ತ್ರಿಕೋನ, ಬಟ್ಟೆಯ ಕೀಲಿನಿಂದ ಜೋಡಿಸಿದ್ದು, ಒಳಮಗ್ಗುಲು ಕಪ್ಪು. ಫೋಮಿಗೆ ಬ್ಲ್ಯಾಕ್‌ಬೋರ್ಡ್ ಬಣ್ಣ ಬಳಿದರೆ ಮಡಿಸಿದಾಗ ಬಿರುಕು ಬಿಡುತ್ತದೆ. ಕಪ್ಪು ರೆಕ್ಸಿನ್ ಅಂಟಿಸಿ. ಬಿಡಿಸಿದಾಗ ಹನ್ನೆರಡು ಇಂಚು ಅಗಲ, ಹದಿನಾಲ್ಕು ಎತ್ತರ. ‘ಪಚ್ಚೆ ಪಟ್ಟಣಕ್ಕೆ ಹೋಗು’ ಅಂತ ಬರೆದಾಗ ಆ ಮೂರು ಒತ್ತಕ್ಷರಗಳೇ ಜಾಗ ತಿಂದು, ಐದನೇ ಸಾಲಿನಾಚೆ ಯಾರಿಗೂ ಓದಲಾಗಲಿಲ್ಲ. ‘ಮರಕತ ನಗರಿಗೆ ಹೋಗು’ ಅಂತ ಬದಲಾಯಿಸಿದೆವು. ಒಂದೂ ಒತ್ತಿಲ್ಲ. ಸಾಲಿಗೊಂದು ಪದ, ಮೂರಿಂಚಿನ ಅಕ್ಷರ, ಹನ್ನೆರಡನೇ ಸಾಲಿನವರೆಗೆ ಮಕ್ಕಳೇ ಕೂಗಿ ಓದುತ್ತಾರೆ. ಈ ಒಂದು ಬದಲಾವಣೆಗೆ ನಾನು ಸ್ವಲ್ಪ ಮೀಸೆ ತಿರುವಿಕೊಂಡರೆ ತಪ್ಪಿಲ್ಲ.

ಅಜ್ಜಿ ಹಣೆಗೆ ಮುತ್ತಿಟ್ಟ ಜಾಗದಲ್ಲಿ ಗುಂಡಗೆ ಹೊಳೆಯುವ ಗುರುತು ಉಳಿಯುತ್ತದೆ. ಮುಂದೆ ಪಶ್ಚಿಮದ ಕೆಟ್ಟ ಮಾಟಗಾತಿ ಡೊರೊತಿಯನ್ನು ಮುಟ್ಟಲು ಹೆದರುವುದು ಇದೇ ಗುರುತಿಗೆ, ಹಾಗಾಗಿ ಇದನ್ನು ಬಿಡುವಂತಿಲ್ಲ. ನಮ್ಮಲ್ಲಿ ಹಣೆಯ ಮೇಲೆ ಗುಂಡಗಿರುವುದು ಏನಿದ್ದರೂ ಬೊಟ್ಟು! ಹುಬ್ಬುಗಳ ನಡುವೆ ಇಟ್ಟರೆ ಯಾರೂ ಗಮನಿಸುವುದೇ ಇಲ್ಲ. ಕೂದಲಂಚಿಗೆ ಒಂದು ಬೆರಳು ಕೆಳಗೆ, ಸ್ವಲ್ಪ ಓರೆಗೆ ಇಡಿ. ಬೆಳ್ಳಿಪುಡಿಯನ್ನು ಗಡ್ಡ ಅಂಟಿಸುವ ಗೋಂದಿನಲ್ಲಿ ಕಲಸಿ ಹಚ್ಚಿದ್ದಕ್ಕೆ ಮಗುವಿನ ಚರ್ಮ ಕೆಂಪಾಯಿತು, ಅದನ್ನು ಬಿಟ್ಟೆವು. ಸ್ಟಿಕ್ಕರ್ ಬಿಂದಿಯೇ ಸಾಕು, ಬೆಳ್ಳಿ ಬಣ್ಣದ್ದು, ಒಂದು ಸೆಂಟಿಮೀಟರ್ ಅಗಲ. ಚರ್ಮಕ್ಕೆಂದೇ ಮಾಡಿದ ಅಂಟು, ಬೆವರಿದರೂ ಒಂದೂಕಾಲು ಗಂಟೆ ನಿಲ್ಲುತ್ತದೆ. ಅಜ್ಜಿಯ ಹೆಬ್ಬೆರಳಿನ ಪಕ್ಕಕ್ಕೆ ಮೊದಲೇ ಅಂಟಿಸಿಡಿ, ಅವಳು ಎರಡೂ ಕೈಯಲ್ಲಿ ಮುಖ ಹಿಡಿದಾಗ ದಾಟಿಸಲಿ.

ಗ್ಲಿಂಡಾ ಇದಕ್ಕೆ ಹೋಲಿಸಿದರೆ ಸುಲಭ. ಕೆಂಪು ಗುಂಗುರು ಕೂದಲು, ಬಿಳಿ ಉಡುಪು, ಮಾಣಿಕ್ಯದ ಸಿಂಹಾಸನ. ಅವಳ ನಾಡಿನ ಬಣ್ಣ ಕೆಂಪು, ಕೋಟೆ ಬಾಗಿಲಲ್ಲಿ ಕೆಂಪು ಸಮವಸ್ತ್ರದ ಮೂವರು ಹುಡುಗಿಯರ ಕಾವಲು. ನೈಲಾನ್ ವಿಗ್ ದೀಪಕ್ಕೆ ಪ್ಲಾಸ್ಟಿಕ್ ಅಂತ ಗೊತ್ತಾಗುತ್ತದೆ. ಕೆಂಪು ಅಕ್ರಿಲಿಕ್ ಉಲನ್ ತಂದು, ಹೆಣಿಗೆಯ ಸ್ಟೀಲ್ ಕಡ್ಡಿಗೆ ಒತ್ತಾಗಿ ಸುತ್ತಿ, ಒದ್ದೆ ಮಾಡಿ, ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಹಬೆಗಿಡಿ. ಕಡ್ಡಿಯ ಮೇಲೇ ಪೂರ್ತಿ ಒಣಗಬೇಕು, ರಾತ್ರಿಯಿಡೀ. ಹಸಿಯಿರುವಾಗ ಬಿಚ್ಚಿದರೆ ಸುರುಳಿಯೆಲ್ಲ ಸಡಿಲ. ಕುರಿ ಉಣ್ಣೆಯಲ್ಲೂ ಮಾಡಿ ನೋಡಿದೆವು, ಮಳೆಗಾಲದ ತೇವಕ್ಕೆ ಎರಡೇ ದಿನದಲ್ಲಿ ನೆಟ್ಟಗಾಯಿತು. ಅಕ್ರಿಲಿಕ್ ಶಾಖಕ್ಕೆ ಕೂತ ಆಕಾರ ಬಿಡುವುದಿಲ್ಲ. ಆರು ಉಂಡೆ ಉಲನ್, ಐನೂರರೊಳಗೆ ಮುಗಿಯಿತು. ಸಿಂಹಾಸನ ಪ್ಲಾಸ್ಟಿಕ್ ಕುರ್ಚಿಯೇ. ಮುದುಡಿದ ಬೇಗಡೆ ಅಂಟಿಸಿ ಅದರ ಮೇಲೆ ಕೆಂಪು ಜಿಲೆಟಿನ್ ಕಾಗದ. ಮುದುಡದೆ ಅಂಟಿಸಿದರೆ ಕನ್ನಡಿಯ ಹಾಗೆ ಒಂದೇ ಕಡೆ ಹೊಳೆಯುತ್ತದೆ. ಕೆಂಪು ಬೆಳಕು ಮಾತ್ರ ಹಾಕಬೇಡಿ, ಬಿಳಿ ಉಡುಪು ಗುಲಾಬಿಯಾಗಿ ಮತ್ತೆ ಸಿನಿಮಾಕ್ಕೇ ಹೋಗಿಬಿಡುತ್ತೇವೆ.

ಎಲ್ಲರೂ ಕತ್ತರಿಸುವ ಭಾಗವೊಂದಿದೆ, ಬಂಗಾರದ ಟೊಪ್ಪಿಯದ್ದು. ಗ್ಲಿಂಡಾ ಸಹಾಯವನ್ನು ಪುಕ್ಕಟೆ ಮಾಡುವುದಿಲ್ಲ, ಡೊರೊತಿಯ ಹತ್ತಿರ ಇರುವ ಈ ಟೊಪ್ಪಿ ಕೊಡು ಅನ್ನುತ್ತಾಳೆ. ಅದು ಯಾರ ಕೈಯಲ್ಲಿದ್ದರೂ ರೆಕ್ಕೆಯ ಕೋತಿಗಳಿಗೆ ಮೂರೇ ಅಪ್ಪಣೆ. ಆ ಮೂರರಲ್ಲಿ ಡೊರೊತಿಯ ಜೊತೆಗಾರರಾದ ಬೆರ್ಚಪ್ಪನನ್ನು ಮರಕತ ನಗರಿಗೆ, ತಗಡಿನವನನ್ನು ಪಶ್ಚಿಮದ ವಿಂಕಿ ಜನರ ನಾಡಿಗೆ, ಸಿಂಹವನ್ನು ಅದರ ಕಾಡಿಗೆ ಕಳಿಸಿ, ಟೊಪ್ಪಿಯನ್ನು ಕೋತಿಗಳ ರಾಜನಿಗೇ ಕೊಟ್ಟುಬಿಡುತ್ತಾಳೆ. ರಂಗದಲ್ಲಿ ಎರಡು ನಿಮಿಷವೂ ಹಿಡಿಯುವುದಿಲ್ಲ. ಇದನ್ನು ಕತ್ತರಿಸಿದರೆ ಅವಳು ಚೆಂದದ ಬಟ್ಟೆ ಹಾಕಿಕೊಂಡು ಕೂತ ಬೊಂಬೆ ಅಷ್ಟೆ. ಅಜ್ಜಿಯ ಮೂರು ಎಣಿಕೆ, ಮೂರು ಸುತ್ತು, ಇಲ್ಲಿಯ ಮೂರು ಅಪ್ಪಣೆ, ಕೊನೆಯ ಮೂರು ಬಡಿತ, ಎಲ್ಲಕ್ಕೂ ಒಂದೇ ತಮಟೆ ಪೆಟ್ಟು ಇಟ್ಟೆವು. ಎರಡನೇ ಸಲಕ್ಕೇ ಪ್ರೇಕ್ಷಕ ಮಕ್ಕಳು ತಾವೇ ಎಣಿಸುತ್ತಾರೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. 1904ರ ಎರಡನೇ ಪುಸ್ತಕದಲ್ಲಿ ಗ್ಲಿಂಡಾಳ ಕೊರಳಲ್ಲಿ ಒಂದು ಮುತ್ತಿದೆ, ಸುಳ್ಳು ಹೇಳಿದರೆ ಕಪ್ಪಾಗುತ್ತದೆ. ಟೇಬಲ್ ಟೆನ್ನಿಸ್ ಚೆಂಡಿನೊಳಗೆ ಎಲ್‌ಇಡಿ ಇಟ್ಟು, ಆರಿಸಿದರೆ ಕಪ್ಪು ಅಂದುಕೊಂಡೆವು. ಆರಿಸಿದರೆ ಬಿಳಿ ಚೆಂಡು ಬಿಳಿಯಾಗಿಯೇ ಉಳಿಯಿತು! ಅರ್ಧಕ್ಕೆ ಕಪ್ಪು ಬಳಿದು ದಾರದಲ್ಲಿ ತಿರುಗಿಸುವುದೇ ವಾಸಿ. ನಾಟಕಕ್ಕೆ ಅದು ಬೇಕೇ ಇರಲಿಲ್ಲ.

ಇಬ್ಬರ ವೇಷ, ಟೊಪ್ಪಿ, ಕೂದಲು, ಸಿಂಹಾಸನ, ಪಾದರಕ್ಷೆ ಎಲ್ಲ ಸೇರಿ ನೆನಪಿದ್ದ ಮಟ್ಟಿಗೆ ಆರೂವರೆ ಸಾವಿರ, ಹಾಳಾದ ಬಟ್ಟೆಯನ್ನೂ ಸೇರಿಸಿ. ಒಂದು ಅರೆಗೋಳಕ್ಕಿಂತ ಕಡಿಮೆ.

ಪಾದರಕ್ಷೆ ಬೆಳ್ಳಿಯದ್ದಾಗಿರಲಿ, ಕೆಂಪು ಮಾಡಿದ್ದು ಸಿನಿಮಾದವರು, ಟೆಕ್ನಿಕಲರ್ ಅನ್ನುವ ಬಣ್ಣದ ಚಿತ್ರೀಕರಣದಲ್ಲಿ ಎದ್ದು ಕಾಣಲಿ ಅಂತ. ಪಿಟಿ ಶೂಗೆ ಅಲ್ಯೂಮಿನಿಯಂ ಪೇಂಟ್ ಬಳಿದರೆ ಬೆರಳು ಮಡಿಯುವ ಕಡೆ ಮೊದಲ ದಿನವೇ ಸೀಳುತ್ತದೆ, ಬೆಳ್ಳಿ ರೆಕ್ಸಿನ್ ಹೊದಿಸಿ. ಹಿಮ್ಮಡಿ ಬಡಿದ ಸದ್ದು ಕೇಳಿಸಬೇಕಾದರೆ ಎರಡೂ ಹಿಮ್ಮಡಿಯ ಒಳಪಕ್ಕಕ್ಕೆ ಒಂದೊಂದು ಸ್ಟೀಲ್ ವಾಷರ್. ಶೂವಿನ ಅಡಿಭಾಗಕ್ಕೆ ಹೊಡೆದರೆ ನಾಟಕವಿಡೀ ಟಕಟಕ. ಕಾನ್ಸಾಸ್‌ಗೆ ಹಾರುವಾಗ ಅವು ಮರುಭೂಮಿಯಲ್ಲಿ ಬಿದ್ದುಹೋಗಿ ಡೊರೊತಿ ಬರೀ ಕಾಲುಚೀಲದಲ್ಲಿ ಇಳಿಯಬೇಕಲ್ಲ, ಅದಕ್ಕೆ ಲೇಸು ತೆಗೆದು ಒಂದಿಂಚಿನ ಎಲಾಸ್ಟಿಕ್ ಹೊಲಿಯಿರಿ. ಹೊಸ ಎಲಾಸ್ಟಿಕ್ ಬಿಗಿ, ಕಾಲು ಹೊರಗೆ ಬರುವುದಿಲ್ಲ. ಒಂದು ರಾತ್ರಿ ದೊಡ್ಡವರ ಶೂ ಅದರೊಳಗೆ ತುರುಕಿಟ್ಟು ಸಡಿಲ ಮಾಡಿಕೊಳ್ಳಿ. ತಾಲೀಮನ್ನೂ ಕಾಲುಚೀಲ ಹಾಕಿಯೇ ಮಾಡಿಸಿ, ಬರಿಗಾಲಿನ ಬೆವರಿಗೆ ರೆಕ್ಸಿನ್ ಅಂಟಿಕೊಳ್ಳುತ್ತದೆ.