ಹೃದಯಕ್ಕೆ ಸಕ್ಕರೆ ಕೊಟ್ಟು ನೋಡುವ ಸ್ಕ್ಯಾನ್: ನನ್ನ ಅನುಭವ

ನಾನು ನ್ಯೂಕ್ಲಿಯರ್ ಮೆಡಿಸಿನ್, ಅಂದರೆ ವಿಕಿರಣ ದ್ರವ್ಯ ಕೊಟ್ಟು ಸ್ಕ್ಯಾನ್ ಮಾಡುವ ವಿಭಾಗದಲ್ಲಿ ಟೆಕ್ನಾಲಜಿಸ್ಟ್. ಹಾರ್ಟ್ ಅಟ್ಯಾಕ್ ಆಗಿ ಪಂಪಿಂಗ್ ಕಡಿಮೆಯಾದವರನ್ನು ನಮ್ಮಲ್ಲಿಗೆ ಕಳಿಸುವುದು ಒಂದು ಪ್ರಶ್ನೆ ಇಟ್ಟುಕೊಂಡು: ಅಲುಗಾಡದ ಆ ಭಾಗ ಸತ್ತಿದೆಯಾ, ಜೀವ ಇದೆಯಾ?

ಹೃದಯದ ಸ್ನಾಯು ಸುಮ್ನೆ ಕೂತಿದ್ದಾಗಲೇ ತನ್ನ ಪಾಲಿನ ರಕ್ತದಿಂದ ಶೇ 70ರಷ್ಟು ಆಮ್ಲಜನಕ ಹೀರಿಬಿಟ್ಟಿರುತ್ತದೆ. ಕೆಲಸ ಜಾಸ್ತಿಯಾದರೆ ರಕ್ತದ ಹರಿವೇ ಏರಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ಚೆನ್ನಾಗಿರುವ ಹೃದಯದಲ್ಲಿ ರಕ್ತದ ಹರಿವೂ ಇಂಧನದ ಬಳಕೆಯೂ ಜೊತೆಯಲ್ಲೇ ಏರಿಳಿಯುತ್ತವೆ. ನಾವು ಹುಡುಕುವುದು ಅವು ಎಲ್ಲಿ ಜೊತೆ ಬಿಟ್ಟಿವೆ ಅಂತ.

ಹರಿವು ನೋಡಲು ಎನ್-13 ಅಮೋನಿಯಾ ಅನ್ನೋ ವಿಕಿರಣ ದ್ರವ್ಯ ಒಳ್ಳೆಯದು, ಆದರೆ ಅದರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕೆ ಇಳಿಯುವ ಸಮಯ) 10 ನಿಮಿಷ, ಅದನ್ನು ತಯಾರಿಸುವ ಯಂತ್ರ ಸೈಕ್ಲೋಟ್ರಾನ್ ಪಕ್ಕದಲ್ಲೇ ಇರಬೇಕು. ನಮ್ಮಲ್ಲಿಲ್ಲ. ಅದರ ಬದಲು ಟೆಕ್ನಿಷಿಯಮ್ ಸೆಸ್ಟಾಮಿಬಿ ಅನ್ನೋ ಇನ್ನೊಂದು ವಿಕಿರಣ ದ್ರವ್ಯ ಕೊಟ್ಟು, ಅದರ ಕಿರಣ ಹಿಡಿಯುವ ಗಾಮಾ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತೇವೆ. ಬಳಕೆ ನೋಡಲು ಎಫ್‌ಡಿಜಿ, ಅಂದರೆ ಸಕ್ಕರೆಯಂಥದ್ದೇ ವಿಕಿರಣ ದ್ರವ್ಯ. ಅರ್ಧಾಯುಷ್ಯ 110 ನಿಮಿಷ, ವ್ಯಾನಿನಲ್ಲಿ ಬರುತ್ತದೆ.

ನಿಜವಾದ ಕೆಲಸ ಕ್ಯಾಮೆರಾದ್ದಲ್ಲ, ತಯಾರಿಯದ್ದು. ಖಾಲಿ ಹೊಟ್ಟೆಯಲ್ಲಿ ಹೃದಯ ಮುಖ್ಯವಾಗಿ ಕೊಬ್ಬನ್ನೇ ಉರಿಸುತ್ತದೆ. ಆಗ ಎಫ್‌ಡಿಜಿ ಕೊಟ್ಟರೆ ಚೆನ್ನಾಗಿರುವ ಭಾಗವೂ ಮಂಕಾಗಿ ಕಾಣಬಹುದು. ಅದಕ್ಕೇ ಗ್ಲೂಕೋಸ್ ನೀರು ಕುಡಿಸಿ, ಸಕ್ಕರೆ ನೋಡಿಕೊಂಡು ಡಾಕ್ಟರು ಹೇಳಿದಷ್ಟು ಇನ್ಸುಲಿನ್ ನರಕ್ಕೆ ಕೊಟ್ಟು, ಮತ್ತೆ ಮತ್ತೆ ಬೆರಳು ಚುಚ್ಚಿ ನೋಡುತ್ತೇವೆ. ಇನ್ಸುಲಿನ್ ಕೊಟ್ಟಾಗ ಪೊಟ್ಯಾಶಿಯಂ ಇಳಿಯುತ್ತದೆ, ಅದರ ಮೇಲೂ ಕಣ್ಣಿರಬೇಕು. ಡಯಾಬಿಟಿಸ್ ಇರುವವರದ್ದೇ ಕಷ್ಟ. ವರ್ಷಗಟ್ಟಲೆ ಸಿಹಿ ಬಿಟ್ಟವರ ಕೈಗೆ ಲೋಟ ಕೊಟ್ಟರೆ, 'ಇದನ್ನ ನಾನು ಕುಡೀಬಹುದಾ ಸರ್?' ಅಂತ ಅನುಮಾನದಿಂದ ನೋಡುತ್ತಾರೆ. ಅವರ ಸಕ್ಕರೆ ಬೇಗ ಇಳಿಯುವುದಿಲ್ಲ, ಅತ್ತ ಸೀಸದ ಡಬ್ಬಿಯಲ್ಲಿ ಎಫ್‌ಡಿಜಿಯ ವಿಕಿರಣ ಇಳಿಯುತ್ತಲೇ ಇರುತ್ತದೆ. ಆದರೂ ಅವಸರ ಮಾಡಬಾರದು ಅಂತಲೇ ನನ್ನ ವಾದ. ಇಲ್ಲಿ ಕೆಟ್ಟರೆ ಚಿತ್ರ ಎಷ್ಟು ಚೆನ್ನಾಗಿ ತೆಗೆದರೂ ಅರ್ಥವಿಲ್ಲ.

ಆಮೇಲೆ ಎರಡೂ ಚಿತ್ರ ಅಕ್ಕಪಕ್ಕ ಇಟ್ಟುಕೊಳ್ಳುತ್ತೇವೆ. ಹರಿವೂ ಇಲ್ಲ, ಸಕ್ಕರೆಯೂ ಇಲ್ಲ ಅಂದರೆ ಅಲ್ಲಿ ಉಳಿದಿರುವುದು ಗಾಯದ ಕಲೆ. ಹರಿವು ಕಡಿಮೆ, ಸಕ್ಕರೆ ಮಾತ್ರ ಚೆನ್ನಾಗಿ ಹೋಗಿದೆ ಅಂದರೆ ಸ್ನಾಯು ಬದುಕಿದೆ. ಬರುವ ಅಷ್ಟಿಷ್ಟು ರಕ್ತದಲ್ಲೇ ಕೆಲಸ ಕಡಿಮೆ ಮಾಡಿಕೊಂಡು, ಕೊಬ್ಬಿಗಿಂತ ಕಡಿಮೆ ಆಮ್ಲಜನಕ ಸಾಕಾಗುವ ಸಕ್ಕರೆಗೆ ಒಗ್ಗಿಕೊಂಡಿದೆ. ಇದೇ ಮಿಸ್‌ಮ್ಯಾಚ್. ಬೈಪಾಸ್ ಆಮೇಲೆ ಚೇತರಿಸಿಕೊಳ್ಳುವ ಸಾಧ್ಯತೆ ಇಂಥ ಕಡೆಯೇ ಜಾಸ್ತಿ. ಹಾಗಂತ ಆಪರೇಷನ್ ತೀರ್ಮಾನ ಈ ಚಿತ್ರ ಒಂದರಿಂದಲೇ ಆಗುವುದಿಲ್ಲ, ಆಗಲೂಬಾರದು.

ಇದರ ಉಲ್ಟಾನೂ ಇದೆ. ಎಡ ಬಂಡಲ್ ಬ್ರಾಂಚ್ ಬ್ಲಾಕ್, ಅಂದರೆ ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ಒಯ್ಯುವ ದಾರಿಯಲ್ಲಿ ತಡೆ ಇದ್ದವರಲ್ಲಿ, ಹೃದಯದ ಎಡ-ಬಲ ಭಾಗಗಳ ನಡುಗೋಡೆಗೆ ರಕ್ತ ಬಹುತೇಕ ಸರಿಯಾಗಿಯೇ ಹೋಗುತ್ತಿದ್ದರೂ ಸಕ್ಕರೆ ಮಾತ್ರ ಕಡಿಮೆ ಕಾಣಬಹುದು. ಅದು ಸತ್ತ ಸ್ನಾಯು ಅಲ್ಲ. ಈ ಬ್ಲಾಕ್ ಗೊತ್ತಾಗುವುದು ಇಸಿಜಿಯಲ್ಲಿ. ಹಾಗಾಗಿ ಇಸಿಜಿ ಕೈಗೆ ಬರುವ ತನಕ ನಡುಗೋಡೆ ಬಗ್ಗೆ ನಾನು ಬಾಯಿ ಬಿಡುವುದಿಲ್ಲ.