ಮುಂದಿನ ವಾರ ಕೆಟ್ಟವನಾಗಬಹುದಾದ ಅಪ್ಪ

ಮೀಸೆಯಿಂದಲೇ ಶುರು ಮಾಡುತ್ತೇನೆ. ಸೀರಿಯಲ್ಲು, ಸಿನಿಮಾ ಎರಡಕ್ಕೂ ಬಣ್ಣ ಹಚ್ಚುವವನಿಗೆ ನಟನೆಗಿಂತ ಮೊದಲು ಎದುರಾಗುವ ತಾಪತ್ರಯ ಅದು. ಸೀರಿಯಲ್ಲಿನಲ್ಲಿ ನಾನು ದಪ್ಪ ಮೀಸೆಯ ಅಪ್ಪ. ತಿಂಗಳಲ್ಲಿ ಇಂತಿಷ್ಟು ದಿನ ಅವರಿಗೆ ಅಂತ ಒಪ್ಪಿಕೊಂಡಾಗಿರುತ್ತದೆ. ಅಷ್ಟರಲ್ಲಿ ಸಿನಿಮಾದವರು ಫೋನ್ ಮಾಡಿ, 'ಸಾರ್, ಒಳ್ಳೇ ಪಾತ್ರ, ಮಠದಲ್ಲಿ ಲೆಕ್ಕ ಬರೆಯೋರು, ಕ್ಲೀನ್ ಶೇವ್ ಬೇಕು' ಅಂತಾರೆ. ಬೋಳಿಸಿದರೆ ಸೀರಿಯಲ್ಲಿನ ಕಂಟಿನ್ಯೂಟಿ, ಅಂದರೆ ನಿನ್ನೆಯ ಮುಖವೇ ಇವತ್ತೂ ಇರಬೇಕು ಅನ್ನುವುದು, ಹೋಯಿತು. ಬೋಳಿಸಿ, ಅಲ್ಲಿ ಅಂಟು ಮೀಸೆ ಹಾಕಿಕೊಳ್ಳೋಣ ಅಂದರೆ, ನಾಟಕದಲ್ಲಿ ನಡೆದಂತೆ ಅದು ಕ್ಲೋಸಪ್ಪಿನಲ್ಲಿ ನಡೆಯುವುದಿಲ್ಲ. ಲೈಟಿನ ಕಾವಿಗೆ ಬೆವರು ಬಂದು ತುಟಿಯ ಮೂಲೆಯಲ್ಲಿ ಮೆಲ್ಲಗೆ ಏಳುತ್ತದೆ. ಮೇಕಪ್ಪಿನವರು ಟೇಕ್ ಟೇಕಿಗೂ ಓಡಿ ಬಂದು ಬೆರಳಲ್ಲಿ ಒತ್ತಿ ಹೋಗುತ್ತಾರೆ. ಅಲ್ಲಿಂದಾಚೆ ನಟನ ಗಮನವೆಲ್ಲ ಮೇಲ್ದುಟಿಯಲ್ಲಿ, ನಗುವ ಸೀನಿನಲ್ಲಿ ನಗುವುದಕ್ಕೂ ಭಯ. ಮೀಸೆಯ ದೆಸೆಯಿಂದ ಒಳ್ಳೊಳ್ಳೆಯ ಪಾತ್ರಗಳು ಕೈ ಬಿಟ್ಟಿವೆ. ಅದಕ್ಕೇ ಈಗ ಹೊಸ ಸೀರಿಯಲ್ ಒಪ್ಪುವಾಗ ಲುಕ್ ಟೆಸ್ಟಿನ ದಿನವೇ ತೆಳು ಮೀಸೆಗೆ ಒಪ್ಪಿಸಿಬಿಡುತ್ತೇನೆ. ತೆಳು ಮೀಸೆಯನ್ನು ಪೆನ್ಸಿಲಿನಲ್ಲಿ ದಪ್ಪ ಮಾಡಬಹುದು, ಬಿಳಿ ಹಚ್ಚಬಹುದು, ತೀರಾ ಬೇಕಾದರೆ ಬೋಳಿಸಿದರೂ ಬೇಗ ಬರುತ್ತದೆ.

ನಾನು ಸಾಗರದ ಕಡೆಯವನು. ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತು, ಅದರ ಸಂಚಾರಿ ನಾಟಕ ತಂಡ 'ತಿರುಗಾಟ'ದ ಬಸ್ಸಿನಲ್ಲಿ ಊರೂರು ಸುತ್ತಿ, ಆಮೇಲೆ ಬೆಂಗಳೂರಿಗೆ ಬಂದವನು. ಇದರಲ್ಲಿ ವಿಶೇಷವೇನಿಲ್ಲ, ಕನ್ನಡದ ಪೋಷಕ ನಟರಲ್ಲಿ ಅರ್ಧ ಜನ ಹೀಗೆ ಎಲ್ಲಿಂದಲೋ ಸುತ್ತಿ ಬಂದವರೇ. ದೊಡ್ಡಣ್ಣ ಭದ್ರಾವತಿಯ ಉಕ್ಕಿನ ಕಾರ್ಖಾನೆಯಿಂದ ಬಂದರು. ದತ್ತಣ್ಣ ವಾಯುಪಡೆಯಲ್ಲಿ ದುಡಿದು, ನಲವತ್ತು ದಾಟಿದ ಮೇಲೆ ಸಿನಿಮಾಕ್ಕೆ ಬಂದರು. ನಾಟಕದವನಿಗೆ ಕ್ಯಾಮೆರಾ ಮುಂದೆ ದನಿ ಜಾಸ್ತಿ, ಕೈ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ, ಆದರೆ ಆ ಚಟ ಕೆಲವೇ ತಿಂಗಳಲ್ಲಿ ಬಿಟ್ಟು ಹೋಗುತ್ತದೆ. ಹೆಗ್ಗೋಡಿನ ಶಿವರಾಮ ಕಾರಂತ ರಂಗಮಂದಿರದಲ್ಲಿ ಕೊನೇ ಸಾಲಿನಲ್ಲಿ ಕೂತವರಿಗೆ ಕೇಳಿಸಲು ಹಾಕುತ್ತಿದ್ದ ದನಿಯನ್ನು ಎದೆಗೆ ಸಿಕ್ಕಿಸಿದ ಮೈಕಿಗೆ ಇಳಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ.

ದೊಡ್ಡ ವಿದ್ಯೆ ಬೇರೆ ಇದೆ. ಸಿನಿಮಾದಲ್ಲಿ ನನ್ನ ಪಾತ್ರ ಎಲ್ಲಿ ಹುಟ್ಟಿ ಎಲ್ಲಿ ಸಾಯುತ್ತದೆ ಎಂದು ಒಪ್ಪಿಕೊಳ್ಳುವ ದಿನವೇ ಗೊತ್ತಿರುತ್ತದೆ. ಸೀರಿಯಲ್ಲಿನಲ್ಲಿ ಗುರುವಾರದ ಟಿಆರ್‌ಪಿ ಬರುವ ತನಕ ಬರೆಯುವವರಿಗೂ ಗೊತ್ತಿರುವುದಿಲ್ಲ. ದೂರದರ್ಶನದಲ್ಲಿ 13 ಕಂತುಗಳ ಲೆಕ್ಕ ಇದ್ದ ಕಾಲದಲ್ಲಿ ಕತೆ ಪೂರ್ತಿ ಕೈಯಲ್ಲಿರುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ದಿನಾ ಬರುವ ಸೀರಿಯಲ್ಲಿಗೆ ಆ ಭಾಗ್ಯವಿಲ್ಲ. ಇವತ್ತು ದೇವರಂಥ ಅಪ್ಪ, ಮುಂದಿನ ವಾರ ತಮ್ಮನ ಆಸ್ತಿ ನುಂಗಿದವನಾಗಬಹುದು. ಟ್ರ್ಯಾಕ್ ಬದಲಾಯಿತು ಅಂತ ಎಪಿಸೋಡ್ ಡೈರೆಕ್ಟರ್ ಒಂದು ಮಾತಲ್ಲಿ ಹೇಳಿ ಮುಗಿಸುತ್ತಾರೆ. ನೋಡುವವರು ಮಾತ್ರ ಎರಡು ವರ್ಷದಿಂದ ರಾತ್ರಿ ಊಟದ ಹೊತ್ತಿಗೆ ನಮ್ಮ ಮುಖ ನೋಡುತ್ತಿರುತ್ತಾರೆ, ಅವರಿಗೆ ಇದು ಮೋಸ ಅನ್ನಿಸಬಾರದು.

ಇದಕ್ಕೆ ನಾನು ಕಂಡುಕೊಂಡ ದಾರಿ ಅಂದರೆ, ಒಳ್ಳೆಯ ಅಪ್ಪನನ್ನು ಪೂರ್ತಿ ಒಳ್ಳೆಯವನಾಗಿ ಆಡುವುದೇ ಇಲ್ಲ. ಹಾಗಂತ ಕಣ್ಣು ಸಣ್ಣ ಮಾಡಿ ಮುಂಚೆಯೇ ಸುಳಿವು ಕೊಡುವುದೂ ಇಲ್ಲ. ಎರಡು ಕಡೆಗೂ ಒದಗುವ ಅಭ್ಯಾಸಗಳನ್ನು ಇಟ್ಟುಕೊಳ್ಳುತ್ತೇನೆ. ಒಂದು ಸೀರಿಯಲ್ಲಿನಲ್ಲಿ ನನ್ನ ಪಾತ್ರ ಮಗಳ ಫೀಸಿಗೆ ದುಡ್ಡು ಕೊಡುವಾಗ ನೋಟನ್ನು ಎರಡು ಸಲ ಎಣಿಸುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಎಣಿಸುವಾಗ ಮಗಳ ಮುಖ ನೋಡದೆ, ಕೊಟ್ಟ ಮೇಲೆ ನೋಡುತ್ತಿದ್ದೆ. ಕಷ್ಟಪಟ್ಟು ದುಡಿದವನ ಜೋಪಾನ ಅಂತ ಆಗ ಅನ್ನಿಸಿತ್ತು. ತಿಂಗಳುಗಳ ನಂತರ ಅವನೇ ತಂಗಿಯ ಪಾಲಿನ ಸೈಟು ಮುಚ್ಚಿಟ್ಟಿದ್ದ ಅಂತ ಕತೆ ತಿರುಗಿದಾಗ, ಅದೇ ಎಣಿಕೆ ಬೇರೆ ಅರ್ಥ ಕೊಟ್ಟಿತು. 'ನಮಗೆ ಮೊದಲೇ ಡೌಟಿತ್ತು ಬಿಡಿ ಸಾರ್, ದುಡ್ಡು ಎಣ್ಸೋದು ನೋಡಿದ್ರೇನೇ ಗೊತ್ತಾಗ್ತಿತ್ತು' ಅಂತ ಮೆಟ್ರೋದಲ್ಲಿ ಒಬ್ಬ ತಾಯಿ ಹೇಳಿದರು. ಬರೆದವರಿಗೇ ಮೊದಲು ಗೊತ್ತಿರಲಿಲ್ಲ ಅಂತ ನಾನು ಅವರಿಗೆ ಹೇಳಲಿಲ್ಲ.

ಪ್ರತಿ ಸೀರಿಯಲ್ಲಿಗೂ ಒಂದು ನೋಟ್‌ಬುಕ್ ಇಡುತ್ತೇನೆ. ಅದರಲ್ಲಿ ಡೈಲಾಗು ಬರೆಯುವುದಿಲ್ಲ. ಈ ಮನುಷ್ಯ ಯಾರನ್ನು ಏನಂತ ಕರೆಯುತ್ತಾನೆ, ಯಾರಿಗೆ ಯಾವ ಸುಳ್ಳು ಹೇಳಿದ್ದಾನೆ, ಯಾವ ಕಾಲು ನೋವು, ಇವಿಷ್ಟು ಬರೆದಿಡುತ್ತೇನೆ. ಬರೆಯುವವರು ಬದಲಾಗುತ್ತಿರುತ್ತಾರೆ, ಡೈರೆಕ್ಟರೂ ಬದಲಾಗುತ್ತಾರೆ. ಹೊಸಬರು ಬಂದು ಭಾವಮೈದುನನಿಗೆ 'ಏನಪ್ಪಾ' ಅಂತ ಬರೆದಿದ್ದರೆ, 'ಇಲ್ಲ ಸಾರ್, ಇವನು ಅವರಿಗೆ ಮೊದಲಿಂದ ಬಹುವಚನ' ಅಂತ ಹೇಳುವವನು ಸೆಟ್ಟಿನಲ್ಲಿ ಒಬ್ಬನಾದರೂ ಇರಬೇಕಲ್ಲ.

ಇನ್ನು ಪ್ರಾಂಪ್ಟಿಂಗ್. ಹೊರಗಿನವರಿಗೆ ಇದು ಆಶ್ಚರ್ಯ. ಎಷ್ಟೋ ಸೀರಿಯಲ್ ಸೆಟ್ಟುಗಳಲ್ಲಿ ಅಸಿಸ್ಟೆಂಟ್ ಒಬ್ಬರು ಕ್ಯಾಮೆರಾ ಪಕ್ಕ ನಿಂತು ಡೈಲಾಗನ್ನು ಗಟ್ಟಿಯಾಗಿ ಓದುತ್ತಾರೆ, ನಟ ಅದನ್ನು ಎತ್ತಿಕೊಂಡು ಹೇಳುತ್ತಾನೆ, ದನಿ ಆಮೇಲೆ ಡಬ್ಬಿಂಗಿನಲ್ಲಿ. ಸೀನ್ ಪೇಪರ್ ಬೆಳಿಗ್ಗೆ ವಾಟ್ಸಾಪಿನಲ್ಲಿ ಬಂದು, ಮಧ್ಯಾಹ್ನದೊಳಗೆ ಆ ಸೀನು ಮುಗಿಯಬೇಕಾದ ಕಡೆ ಬೇರೆ ದಾರಿಯಿಲ್ಲ. ಇದನ್ನು ಕೀಳಾಗಿ ಕಾಣುವ ರಂಗಭೂಮಿಯ ಗೆಳೆಯರಿದ್ದಾರೆ. ಒಂದು ದಿನ ಬಂದು ಮಾಡಿ ನೋಡಿ ಅಂತೀನಿ. ಕಿವಿ ಒಂದು ಕಡೆ, ಕಣ್ಣು ಎದುರಿನವರ ಮೇಲೆ, ಬಾಯಲ್ಲಿ ಹಿಂದಿನ ಸಾಲು, ಅಷ್ಟರಲ್ಲಿ ಮುಂದಿನ ಸಾಲು ಕಿವಿಗೆ ಬೀಳುತ್ತಿರುತ್ತದೆ. ಇದರ ನಿಜವಾದ ಕೇಡು ಮರೆವಲ್ಲ, ಲಯ. ಓದುವವರು ಒಬ್ಬರೇ ಆದ್ದರಿಂದ ಅಜ್ಜಿ, ಸೊಸೆ, ಲಾಯರು ಎಲ್ಲರೂ ಆ ಅಸಿಸ್ಟೆಂಟಿನ ಉಸಿರಿನಲ್ಲೇ ಮಾತಾಡತೊಡಗುತ್ತಾರೆ. ನಾನು ಮೇಕಪ್ ಆಗುವಾಗಲೇ ಪೇಪರ್ ಓದಿಕೊಂಡು, 'ನನಗೆ ಸಾಲಿನ ಮೊದಲ ಪದ ಮಾತ್ರ ಕೊಡಿ, ಉಳಿದದ್ದು ನಾನು ನೋಡ್ಕೋತೀನಿ' ಅಂತೀನಿ. ಮಾತು ಅಕ್ಷರಶಃ ಅದೇ ಬರದಿದ್ದರೂ ಅರ್ಥ ಕೆಡುವುದಿಲ್ಲ. ಪಾಪ, ಅಸಿಸ್ಟೆಂಟಿನ ಗಂಟಲಿಗೂ ಸ್ವಲ್ಪ ಬಿಡುವು.

ರಿಯಾಕ್ಷನ್ ಷಾಟುಗಳ ಬಗ್ಗೆ ಜನ ನಗುತ್ತಾರೆ, ನಗುವುದು ತಪ್ಪೂ ಅಲ್ಲ. ಮನೆಯ ಹಾಲ್‌ನಲ್ಲಿ ಇಡೀ ಮನೆಮಂದಿ ನಿಂತಿರುತ್ತದೆ. ಸೊಸೆ ಗುಟ್ಟು ಬಿಚ್ಚುತ್ತಾಳೆ. ಆಮೇಲೆ ಸಾಲಾಗಿ ಒಬ್ಬೊಬ್ಬರದೇ ಮುಖ: ಶಾಕ್, ಅನುಮಾನ, ಕೋಪ, ಮೂರು ಬಗೆ ಕೊಡಿ, ಎಡಿಟಿಂಗಿನಲ್ಲಿ ಬೇಕಾದ್ದು ಹಾಕಿಕೊಳ್ಳುತ್ತೇವೆ ಅಂತಾರೆ. ನಿಂತ ಜಾಗದಲ್ಲಿ ಶಾಕ್ ಕೊಡು ಅಂದರೆ ಎಲ್ಲಿಂದ ಬರಬೇಕು? ಹುಬ್ಬೇ ಮೇಲೆ ಹೋಗುತ್ತದೆ. ಮೊದಮೊದಲು ನಾನೂ ಹುಬ್ಬು ಹಾರಿಸುತ್ತಿದ್ದೆ. ಈಗ ಒಂದು ಕೆಲಸ ಹುಡುಕಿಕೊಳ್ಳುತ್ತೇನೆ: ಸೊಸೆಯನ್ನು ಬಿಟ್ಟು, ಈ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಹೆದರುವವರು ಯಾರೋ ಅವರ ಕಡೆ ತಿರುಗುತ್ತೇನೆ. ಎಲ್ಲರೂ ಸೊಸೆಯನ್ನು ನೋಡುತ್ತಿರುವಾಗ ಅಪ್ಪ ಮಾತ್ರ ಹೆಂಡತಿಯ ಕಡೆ ನೋಡಿದರೆ ಅದೇ ಒಂದು ಕತೆ. ಹಿನ್ನೆಲೆಯಲ್ಲಿ ಗುಡುಗು ಸಿಡಿಲು ಹಾಕುತ್ತಾರೋ ಬಿಡುತ್ತಾರೋ, ಅದು ನನ್ನ ಕೈಯಲ್ಲಿಲ್ಲ.

ಅಪ್ಪನ ಪಾತ್ರಗಳಿಗೆ ನನಗೆ ಮಾದರಿಯಾದವರು ಗಿರೀಶ ಕಾರ್ನಾಡರು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್'ನಲ್ಲಿ ಅವರು ಸ್ವಾಮಿಯ ಅಪ್ಪ. ಅದು ಬಂದಾಗ ನಾನು ಹುಡುಗ, ನಮ್ಮ ಮಲೆನಾಡಿನ ಮನೆಗಳೇ ಟೀವಿಯಲ್ಲಿ ಬರುತ್ತಿವೆ ಅನ್ನುವ ಸಡಗರದಲ್ಲಿ ನಟನೆ ಎಲ್ಲಿ ಕಾಣಬೇಕು? ದೊಡ್ಡವನಾದ ಮೇಲೆ ಮತ್ತೆ ಮತ್ತೆ ನೋಡಿದೆ. ಆ ಅಪ್ಪ ಗದರುವುದಕ್ಕಿಂತ, ಗದರಿಯಾನು ಎಂಬ ಭಯವೇ ಹುಡುಗನನ್ನು ನಡೆಸುತ್ತದೆ. 1970ರ 'ಸಂಸ್ಕಾರ'ದಲ್ಲಿ ಪ್ರಾಣೇಶಾಚಾರ್ಯನಾಗಿದ್ದ ಮುಖವೇ ಇದು ಅಂತ ನಾನಂತೂ ಮರೆತುಬಿಡುತ್ತೇನೆ.

ಸಿನಿಮಾದ ಕಷ್ಟವೇ ಬೇರೆ. ಕತೆ ಪೂರ್ತಿ ಗೊತ್ತು, ಆದರೆ ಮೊದಲ ದಿನವೇ ಕ್ಲೈಮ್ಯಾಕ್ಸ್ ತೆಗೆಯುತ್ತಾರೆ, ಯಾಕಂದರೆ ಆ ಮನೆ ಸಿಕ್ಕಿರುವುದು ಅಷ್ಟೇ ದಿನಕ್ಕೆ. ನಾನು ನನ್ನ ಸೀನುಗಳನ್ನು ಒಂದೇ ಹಾಳೆಯಲ್ಲಿ ಕತೆಯ ಕ್ರಮದಲ್ಲಿ ಬರೆದು, ಪ್ರತಿಯೊಂದರ ಮುಂದೆ ಈ ಹೊತ್ತಿಗೆ ಇವನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಗುರುತು ಹಾಕಿಕೊಳ್ಳುತ್ತೇನೆ. ಷಾಟಿಗೆ ಮೊದಲು ಕ್ಯಾಮೆರಾಮನ್ ಹತ್ತಿರ ಹೋಗಿ ಫ್ರೇಮ್ ಎಲ್ಲಿಯವರೆಗೆ ಅಂತ ಕೇಳುತ್ತೇನೆ. ಎದೆಯವರೆಗೆ ಅಂದರೆ ಕೈಗೆ ಕೆಲಸವಿಲ್ಲ. ಮುಖ ಮಾತ್ರ ಅಂದರೆ, ಎದುರಿನವರ ಎರಡು ಕಣ್ಣಿನ ಮಧ್ಯೆ ನನ್ನ ನೋಟ ಓಡಾಡಬಾರದು. ಕ್ಯಾಮೆರಾಕ್ಕೆ ಹತ್ತಿರ ಇರುವ ಕಣ್ಣೊಂದನ್ನೇ ನೋಡಬೇಕು. ಇಲ್ಲದಿದ್ದರೆ ತೆರೆಯ ಮೇಲೆ ನಮ್ಮ ಕಣ್ಣಾಲಿಗಳು ಗಡಿಯಾರದ ಲೋಲಕದಂತೆ ಆಡುತ್ತವೆ.

ಊಟದ ಸೀನು ಅಂದರೆ ಎಲ್ಲರೂ ಖುಷಿಪಡುತ್ತಾರೆ, ಮೊದಲ ಟೇಕ್ ತನಕ. ಮಂಡ್ಯದ ಕಡೆ ಒಂದು ಶೂಟಿಂಗು, ಮುದ್ದೆ, ಬಸ್ಸಾರು. ನನ್ನ ಜೊತೆಗಿದ್ದ ಹುಡುಗ ಹೊಸಬ. ಮೊದಲ ಟೇಕಿನಲ್ಲೇ ದೊಡ್ಡ ದೊಡ್ಡ ತುತ್ತು ಮುರಿದು ನುಂಗಿದ. ಚೆನ್ನಾಗಿಯೇ ಇತ್ತು, ಹಾಗಾಗಿ ಎಲ್ಲರೂ ಒಟ್ಟಿಗೆ ಕಾಣುವ ಮಾಸ್ಟರ್ ಷಾಟು, ಅವನ ಕ್ಲೋಸು, ನನ್ನ ಕ್ಲೋಸು, ಕೈಯ ಕ್ಲೋಸು, ಎಲ್ಲಕ್ಕೂ ಅಷ್ಟೇ ದೊಡ್ಡ ತುತ್ತು ಆಗಬೇಕಾಯಿತು. ಸಂಜೆ ಹೊತ್ತಿಗೆ ಮುದ್ದೆ ಕಂಡರೆ ಮುಖ ತಿರುಗಿಸುತ್ತಿದ್ದ. ಮುದ್ದೆಯನ್ನು ಅಗಿದಂತೆ ಮಾಡಿ ಬಾಯಲ್ಲಿ ಅಡಗಿಸುವ ಹಾಗೂ ಇಲ್ಲ, ಆ ಕಡೆಯವರು ನೋಡಿದರೆ ನಗುತ್ತಾರೆ. ಸಣ್ಣದಾಗಿ ಮುರಿ, ಸಾರಿನಲ್ಲಿ ಜಾಸ್ತಿ ಹೊತ್ತು ಹೊರಳಿಸು, ಮಾತಿನ ಯಾವ ಪದಕ್ಕೆ ಕೈ ಬಾಯಿಗೆ ಹೋಯಿತು ಅಂತ ನೆನಪಿಟ್ಟುಕೋ, ಪ್ರತಿ ಟೇಕಿಗೂ ಅದೇ ಪದಕ್ಕೆ ನುಂಗು ಅಂತ ಹೇಳಿಕೊಟ್ಟೆ. ಎಡಿಟರ್ ನಮ್ಮನ್ನು ಇಷ್ಟಪಡುವುದು ಇದಕ್ಕೇ. ಕೈ ಎಲ್ಲ ಟೇಕಿನಲ್ಲೂ ಒಂದೇ ಕಡೆ ಇದ್ದರೆ ನಮ್ಮ ಕ್ಲೋಸಪ್ ಉಳಿಯುತ್ತದೆ, ಇಲ್ಲದಿದ್ದರೆ ಅದೇ ಮಾತು ಇನ್ನೊಬ್ಬರ ಮುಖದ ಮೇಲೆ ಹೋಗುತ್ತದೆ.

ಮಂಡ್ಯ ಅಂದಾಗ ಹೇಳಬೇಕು. ಮಂಡ್ಯದ ಹಳ್ಳಿಯಲ್ಲಿ ತೆಗೆದ 'ತಿಥಿ' ಸಿನಿಮಾ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, ಮುಂದಿನ ವರ್ಷ ಇಲ್ಲಿ ಬಿಡುಗಡೆಯಾದ ಮೇಲೆ, ಎಂದೂ ನಟಿಸದಿದ್ದ ಊರಿನವರು ಅಷ್ಟು ಸಲೀಸಾಗಿ ತೆರೆಯ ಮೇಲೆ ಓಡಾಡಿದ್ದನ್ನು ನೋಡಿ ಪ್ರತಿ ಹೊಸ ಡೈರೆಕ್ಟರೂ ನಮಗೆ 'ಆಕ್ಟ್ ಮಾಡ್ಬೇಡಿ ಸಾರ್' ಅನ್ನತೊಡಗಿದರು. ಆಕ್ಟ್ ಮಾಡಬೇಡಿ ಅನ್ನುವುದು ಸೂಚನೆಯಲ್ಲ. ಆ ಸಿನಿಮಾದ ಗಡ್ಡಪ್ಪ ನಡೆಯುತ್ತಿದ್ದದ್ದು ಅವರದೇ ನಡಿಗೆ. ನಾನು ಬ್ಯಾಂಕ್ ಮ್ಯಾನೇಜರ್ ಆಗಿ ನಡೆಯಬೇಕಾದರೆ ಯಾರದೋ ನಡಿಗೆ ಕದಿಯಲೇಬೇಕು. ಕದಿಯುವುದು ಕಾಣಬಾರದು, ಅಷ್ಟೇ.

ಡಬ್ಬಿಂಗ್ ಬಗ್ಗೆ ಬರೆಯದೆ ಇದ್ದರೆ ಅರ್ಧ ಜೀವನ ಬಿಟ್ಟಂತೆ. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದು ಎಂಬ ನಿಲುವು ನಮ್ಮ ಉದ್ಯಮದಲ್ಲಿ ದಶಕಗಳ ಕಾಲ ಗಟ್ಟಿಯಾಗಿತ್ತು, ಅದರಲ್ಲಿ ನನಗೂ ಸಹಮತ ಇತ್ತು. 2015ರಲ್ಲಿ, ಮಾರುಕಟ್ಟೆಯ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗದ ತೀರ್ಪು ಅದರ ವಿರುದ್ಧ ಬಂತು. 2020ರಲ್ಲಿ ಲಾಕ್‌ಡೌನ್ ಆಗಿ ಶೂಟಿಂಗ್ ನಿಂತು, ಚಾನೆಲ್ಲುಗಳಲ್ಲಿ ಹೊಸ ಎಪಿಸೋಡ್ ಖಾಲಿಯಾದಾಗ ಹಿಂದಿಯ ಮಹಾಭಾರತ ಕನ್ನಡದ ದನಿಯಲ್ಲಿ ಬಂತು, ಮನೆಮಂದಿಯೆಲ್ಲ ಕೂತು ನೋಡಿದರು. ಕೆಲಸವಿಲ್ಲದ ಆ ದಿನಗಳ ನಂತರ ನಾನೂ ಡಬ್ಬಿಂಗ್ ಸ್ಟುಡಿಯೋದಲ್ಲಿ ಪರಭಾಷೆಯ ತಾತ, ಮಂತ್ರಿ, ಪೊಲೀಸ್ ಕಮಿಷನರ್ ಎಲ್ಲ ಆದೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಈಗ ಮೊದಲಿನಷ್ಟು ಗಟ್ಟಿಯಿಲ್ಲ. ಆದರೆ ಪರರ ತುಟಿಗೆ ಕನ್ನಡ ಕೂರಿಸಿದ ಮೇಲೆ ನನ್ನದೇ ತುಟಿಗೆ ಕೂರಿಸುವುದು ಸುಲಭವಾಯಿತು.

ಪ, ಬ, ಮ ಬಂದಲ್ಲಿ ತುಟಿ ಮುಚ್ಚುತ್ತದೆ. ನೋಡುವವರ ಕಣ್ಣು ಹಿಡಿಯುವುದು ಅದನ್ನೇ, ಬೇರೆ ಅಕ್ಷರ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಒಂದು ಸಿನಿಮಾದಲ್ಲಿ ನಾನು ಸಾಲ ಕೇಳಲು ಬಂದವನು, 'ಎಂಬತ್ತು ಸಾವಿರ ಕೊಡಿಸು' ಅನ್ನುತ್ತೇನೆ. ಎಡಿಟಿಂಗಿನಲ್ಲಿ ಕತೆ ಅತ್ತಿತ್ತ ಆಗಿ ಆ ಮೊತ್ತ ಸಾಲದು ಅಂತಾಯಿತು. 'ಒಂದು ಲಕ್ಷ ಅಂದುಬಿಡಿ ಸಾರ್' ಅಂದರು ಡೈರೆಕ್ಟರ್. ತೆರೆಯ ಮೇಲೆ ನನ್ನ ಬಾಯಿ ಸ್ಪಷ್ಟವಾಗಿ 'ಬ'ಕ್ಕೆ ಮುಚ್ಚುತ್ತಿದೆ, 'ಒಂದು ಲಕ್ಷ'ದಲ್ಲಿ ಮುಚ್ಚುವ ಅಕ್ಷರವೇ ಇಲ್ಲ. ಲೂಪ್, ಅಂದರೆ ಅದೇ ತುಣುಕು, ಮತ್ತೆ ಮತ್ತೆ ತಿರುಗುತ್ತಲೇ ಇತ್ತು, ಎರಡು ಮೂರು ಸಲ ಹೇಳಿ ನೋಡಿದೆವು, ಕೂರಲಿಲ್ಲ. 'ತೊಂಬತ್ತು ಸಾವಿರ ಅಂತೀನಿ, ಉಸಿರು ಕೂಡ ಬದಲಾಗಲ್ಲ' ಅಂದೆ. ಒಂದೇ ಸಲಕ್ಕೆ ಓಕೆ ಆಯಿತು. 'ಹತ್ತು ಸಾವಿರ ಉಳಿಸಿಬಿಟ್ರಲ್ಲ' ಅಂತ ಸೌಂಡ್ ಇಂಜಿನಿಯರ್ ಗಾಜಿನಾಚೆಯಿಂದ ನಕ್ಕರು.

ಪಾತ್ರದ ಸಾಲದ ಲೆಕ್ಕ ಸುಲಭ, ನಮ್ಮ ಪೇಮೆಂಟಿನ ಲೆಕ್ಕ ಕಷ್ಟ. ಸೀರಿಯಲ್ಲಿನಲ್ಲಿ ದಿನದ ಲೆಕ್ಕ, ಬಿಲ್ ಹಾಕಿ ತಿಂಗಳುಗಟ್ಟಲೆ ಕಾಯಬೇಕು, ಆದರೆ ತಡವಾಗಿಯಾದರೂ ಬರುತ್ತದೆ. ಸಿನಿಮಾದಲ್ಲಿ ಅಡ್ವಾನ್ಸ್, ಶೂಟಿಂಗ್ ನಡುವೆ ಒಂದಿಷ್ಟು, ಉಳಿದದ್ದು ಕೊನೆಗೆ. ಈ 'ಕೊನೆಗೆ' ಅನ್ನುವುದು ಯಾವಾಗ ಅಂತ ಮೊದಲೇ ತೀರ್ಮಾನವಾಗಬೇಕು. ಒಬ್ಬ ನಿರ್ಮಾಪಕರು ಡಬ್ಬಿಂಗ್ ಮುಗಿದ ದಿನ ಕೊಟ್ಟ ಚೆಕ್ಕು ವಾಪಸ್ ಬಂತು, ಆಮೇಲೆ ಫೋನ್ ಎತ್ತಲಿಲ್ಲ, ಸಿನಿಮಾ ಮಾತ್ರ ಟೀವಿಯಲ್ಲಿ ಈಗಲೂ ಬರುತ್ತದೆ. ಹಿರಿಯ ನಟರೊಬ್ಬರು ಹೇಳಿಕೊಟ್ಟ ಪದ್ಧತಿಯನ್ನು ಅಂದಿನಿಂದ ಬಿಟ್ಟಿಲ್ಲ: ಬಾಕಿ ಅಕೌಂಟಿಗೆ ಬಿದ್ದ ಮೆಸೇಜು ನೋಡಿಕೊಂಡು ಡಬ್ಬಿಂಗ್ ಸ್ಟುಡಿಯೋದೊಳಗೆ ಕಾಲಿಡುವುದು. ಮ್ಯಾನೇಜರುಗಳಿಗೂ ಇದು ಗೊತ್ತು. 'ಹಾಕಿದೀನಿ ಸಾರ್, ಒಳಗೆ ಬನ್ನಿ' ಅಂತ ಅವರೇ ಬಾಗಿಲಿಗೆ ಬರುತ್ತಾರೆ, ಕಾಫಿ ತರಿಸುತ್ತಾರೆ, ಯಾರಿಗೂ ಬೇಸರವಿಲ್ಲ.