ಹಾಲ್‌ಗೆ ದಾನಿಗಳ ಹೆಸರು ಇಡೋದು ಹೇಗೆ

ದಾವಣಗೆರೆಯವರಿಗೆ ದಾನಿಗಳ ಹೆಸರು ಹೊಸದೇನಲ್ಲ. ರಾಜನಹಳ್ಳಿ ಹನುಮಂತಪ್ಪನವರ ಛತ್ರ ಯಾರಿಗೆ ಗೊತ್ತಿಲ್ಲ? ಆದರೆ ಕಾಲೇಜಿನ ಕಟ್ಟಡದ ಮಾತು ಬಂದಾಗ ನಾವು ಬಾಯಿಮಾತಲ್ಲೇ ಮುಗಿಸಿಬಿಡುತ್ತೇವೆ.

ನಾನು ಓದಿದ ಕಾಲೇಜಿನಲ್ಲಿ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಸೆಮಿನಾರ್ ಹಾಲ್ ರಿಪೇರಿ ಮಾಡಿಸಿ, ಜಾಸ್ತಿ ದುಡ್ಡು ಕೊಟ್ಟ ಗೆಳೆಯನ ತಂದೆಯ ಹೆಸರನ್ನು ಬಾಗಿಲ ಮೇಲೆ ಪೇಂಟಲ್ಲಿ ಬರೆಸಿದ್ದೆವು. ಮೂರು ವರ್ಷಕ್ಕೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತೆ ಅಂತ ಸುಣ್ಣಬಣ್ಣ ಆಯಿತು. ಹೆಸರೂ ಹೋಯಿತು. "ಮಕ್ಕಳಿಗೆ ಅಜ್ಜನ ಹೆಸರು ತೋರಿಸೋಣ ಅಂತ ಕರ್ಕೊಂಡು ಬಂದಿದ್ದೆ ಕಣೋ" ಅಂದ ಆ ಗೆಳೆಯ ಫೋನಲ್ಲಿ. ಏನು ಹೇಳೋದು?

ಹಾಗಾಗಿ ದುಡ್ಡಿಗಿಂತ ಮೊದಲು ಕಾಗದ. ಹೆಸರು ಎಷ್ಟು ವರ್ಷ, ಕಟ್ಟಡ ಕೆಡವಿದರೆ ಏನು, ದಾನದ ಕಂತು ನಿಂತರೆ ಏನು, ಎಲ್ಲ ಬರೆಯಿರಿ. ಹೆಸರು ತೆಗೆಯುವ ಷರತ್ತೂ ಇರಲಿ. ಮುಜುಗರ ಆಗುತ್ತೆ, ನಿಜ, ಆದರೆ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯ ಚಟ ಹಿಡಿಸುವ ನೋವಿನ ಮಾತ್ರೆ ಮಾರಿ ಹೆಸರು ಕೆಡಿಸಿಕೊಂಡ ಕಂಪನಿಯ ಸ್ಯಾಕ್ಲರ್ ಮನೆತನದ ಹೆಸರನ್ನು 2019ರಲ್ಲಿ ಕಟ್ಟಡಗಳಿಂದ ಕಿತ್ತು ಹಾಕಬೇಕಾಯಿತು. ಸರ್ಕಾರಿ ವಿಶ್ವವಿದ್ಯಾಲಯವಾದರೆ ಅದರ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಒಪ್ಪಿಗೆ ಸಿಗೋವರೆಗೆ ಯಾರಿಗೂ ಮಾತು ಕೊಡಬೇಡಿ.

ಇನ್ನು ಫಲಕದ ಮೇಲಿನ ಸಾಲು. ಜನ ಎಡವೋದು ಇಲ್ಲೇ. ಒಬ್ಬರು ದಾನ ಕೊಟ್ಟು "ತಂದೆಯವರ ಸ್ಮರಣಾರ್ಥ" ಅಂತ ಹಾಕಿಸಿದರೆ ಅದಕ್ಕೆ ಜಿಎಸ್‌ಟಿ ಇಲ್ಲ, ಅಕ್ಟೋಬರ್ 2019ರ ಸುತ್ತೋಲೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಅದೇ ಫಲಕದಲ್ಲಿ ಅಂಗಡಿಯ ಜಾಹೀರಾತು ನುಸುಳಿದರೆ ಅದು ದಾನ ಅಲ್ಲ, ವ್ಯಾಪಾರ, ತೆರಿಗೆ ಬೀಳುತ್ತೆ. ಕಂಪನಿಯ ಸಿಎಸ್‌ಆರ್ ದುಡ್ಡಿಗೆ, ಅಂದ್ರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡೋ ದುಡ್ಡಿಗೆ, ಇನ್ನೂ ಬಿಗಿ: ತಮ್ಮ ಸರಕಿನ ಪ್ರಚಾರಕ್ಕೆ ಕೊಟ್ಟ ಪ್ರಾಯೋಜನೆ ಸಿಎಸ್‌ಆರ್ ಲೆಕ್ಕಕ್ಕೇ ಬರಲ್ಲ. ಲೋಗೋ ದೊಡ್ಡದಾಗಿ ಬೇಕು ಅಂತ ಮ್ಯಾನೇಜರ್ ಹಟ ಹಿಡಿದರೆ ಇದನ್ನೇ ಮೆತ್ತಗೆ ಹೇಳಿ, ಸುಮ್ನಾಗ್ತಾರೆ.

ದುಡ್ಡು ಚೆಕ್‌ನಲ್ಲೋ ಬ್ಯಾಂಕ್ ಮೂಲಕವೋ ಬರಲಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯಲ್ಲಿ ದಾನಿಗೆ ಸಿಗುವ, ಜನ 80ಜಿ ಅಂತ ಕರೆಯೋ ವಿನಾಯಿತಿ ಸಿಗಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಅದು ಇಲ್ಲವೇ ಇಲ್ಲ, ಮೊದಲೇ ಹೇಳಿಬಿಡಿ.

ಸಣ್ಣ ದಾನಿಗಳ ಹೆಸರನ್ನು ಫ್ಯಾನಿನ ರೆಕ್ಕೆ ಮೇಲೆ ಬರೆಸಬೇಡಿ. ಕರೆಂಟ್ ಹೋದಾಗ ಮಾತ್ರ ಓದಬಹುದು! ಎಲ್ಲರದ್ದೂ ಸೇರಿಸಿ ಬಾಗಿಲ ಪಕ್ಕ ಒಂದು ಗ್ರಾನೈಟ್ ಕಲ್ಲು ಸಾಕು. ಕೆತ್ತಿಸೋ ಮೊದಲು ಹೆಸರು, ಇನಿಷಿಯಲ್ ಎಲ್ಲ ಕಾಗದದಲ್ಲಿ ಬರೆದು ಮನೆಯವರ ಸಹಿ ಹಾಕಿಸಿಕೊಳ್ಳಿ, ಯಾಕಂದ್ರೆ ಕಲ್ಲಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಹೊಸ ಕಲ್ಲೇ ತರಬೇಕು.